ಬಂಪರಿಗೆ ಕಪ್ಪು ಹಚ್ಚಿದ್ದು

ನಮ್ಮ ಯಜಮಾನರು ಸುಳ್ಳು ಹೇಳುವುದು ಬಹಳ ಅಪರೂಪ. ಅಪ್ಪಿತಪ್ಪಿ ಹೇಳಿದರೋ, ಅದನ್ನು ನಿಜ ಮಾಡಿ ತೋರಿಸುವವರೆಗೆ ಅವರಿಗೂ ನಿದ್ದೆಯಿಲ್ಲ, ನನಗೂ ನೆಮ್ಮದಿಯಿಲ್ಲ. ಬೇರೆಯವರ ಗಂಡಂದಿರು ಸುಳ್ಳು ಹೇಳಿ ಮರೆತುಬಿಡುತ್ತಾರಂತೆ. ಅಂಥ ಪುಣ್ಯ ನಾನು ಮಾಡಿಲ್ಲ.

ಈ ಸಲದ ಸುಳ್ಳು ಹೇಳಿದ್ದು ಅವರ ಅಕ್ಕನಿಗೆ, ಅಂದರೆ ನನ್ನ ಅತ್ತಿಗೆಗೆ, ಫೋನಿನಲ್ಲಿ. ಅತ್ತಿಗೆ ದೂರದ ಊರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್. ತಾಯಿಯಿಲ್ಲದ ತಮ್ಮನಿಗೆ ತಲೆ ಬಾಚಿ, ಬೂಟಿನ ದಾರ ಕಟ್ಟಿ, ಮಗ್ಗಿ ಬಾರದಿದ್ದಾಗ ಕಿವಿ ಹಿಂಡಿ, ದೊಡ್ಡವನಾದ ಮೇಲೆ ಅಪ್ಪನ ಕಾರಿನಲ್ಲಿ ಗೇರ್ ಹಾಕುವುದನ್ನೂ ಕಲಿಸಿದವರು ಅವರೇ. ಈಗ ವರ್ಷಗಳಿಂದ ಅವರು ನಮ್ಮ ಮನೆಗೆ ಬಂದಿಲ್ಲ. ಜಗಳವೇನೂ ಇಲ್ಲ. ಭಾನುವಾರ ಬಂತೆಂದರೆ ಫೋನು, ಯಾವಾಗ ಬರುತ್ತೀಯ ಎಂದು ಇವರು ಕೇಳುವುದು, ಈ ಪರೀಕ್ಷೆಯೊಂದು ಮುಗಿಯಲಿ ಪುಟ್ಟಾ ಎಂದು ಅವರು ಹೇಳುವುದು. ಪರೀಕ್ಷೆ ಮುಗಿದರೆ ಹೊಸ ಹುಡುಗಿಯರ ಸೇರ್ಪಡೆ, ಅದು ಮುಗಿದರೆ ಸುಣ್ಣಬಣ್ಣ, ಸುಣ್ಣಬಣ್ಣ ಒಣಗುವಷ್ಟರಲ್ಲಿ ಮತ್ತೆ ಪರೀಕ್ಷೆ. ಪುಟ್ಟನಿಗೆ ಇಷ್ಟರಲ್ಲಿ ತಲೆ ಮುಕ್ಕಾಲು ಬೋಳಾಗಿ, ಓದುವ ಕನ್ನಡಕ ಬಂದು, ಸರ್ಕಾರಿ ಗ್ರಂಥಾಲಯದಲ್ಲಿ ಪುಸ್ತಕಗಳ ಬೆನ್ನಿಗೆ ನಂಬರು ಅಂಟಿಸುತ್ತ ನಿವೃತ್ತಿಯೂ ಹತ್ತಿರ ಬಂದಿದೆ.

ನಾವೇ ಹೋಗಿ ನೋಡಿಕೊಂಡು ಬರಬಹುದಲ್ಲ ಎನ್ನುತ್ತೀರಿ. ಹೋಗಿದ್ದೆವು. ಆ ಹಾಸ್ಟೆಲ್ಲಿನಲ್ಲಿ ಗಂಡಸರಿಗೆ ಗೇಟಿನ ಪಕ್ಕದ ಬೆಂಚಿನಿಂದ ಆಚೆ ಪ್ರವೇಶವಿಲ್ಲ. ನಿಯಮ ಮಾಡಿದವರು ಅತ್ತಿಗೆಯೇ, ಹಾಗಾಗಿ ಮುರಿಯುವಂತಿಲ್ಲ. ಇವರು ಬೆಂಚಿನ ತುದಿಯಲ್ಲಿ ಕೂತು, ಅಕ್ಕನ ಜೊತೆ ಅರ್ಧಂಬರ್ಧ ಮಾತಾಡಿ, ಗಂಟೆ ಹೊಡೆದಾಗ ಉಳಿದ ಸಂದರ್ಶಕರ ಜೊತೆ ಎದ್ದು ಬಂದರು. ಆಮೇಲೆ ಮತ್ತೆ ಹೋಗೋಣ ಎಂದು ಅವರೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಇನ್ನು ಸುಳ್ಳಿನ ವಿಷಯ. ಆ ಭಾನುವಾರ ಅತ್ತಿಗೆ ಮಾತಿನ ನಡುವೆ ಕಾರು ಹೇಗಿದೆ ಎಂದು ಕೇಳಿದರು. ಅಪ್ಪನ ಕೆಂಪು ಕಾರು ಇನ್ನೂ ನಮ್ಮ ಹತ್ತಿರವೇ ಇದೆ. ಇದೆ ಎಂದರೆ, ನಮ್ಮ ವಸತಿ ಕಟ್ಟಡದ ಅಂಗಳದಲ್ಲಿ ಗೇಟಿನ ಪಕ್ಕ ಬಿಸಿಲಿಗೆ ಒಣಗುತ್ತ ನಿಂತಿದೆ. ಅತ್ತಿಗೆಗೆ ಅದರ ಕೆಂಪಿಗಿಂತ ಕಪ್ಪೇ ಇಷ್ಟ. ಹಿಂದೆ ಮುಂದೆ ಬಂಪರು, ಬಾಗಿಲಿನ ಉದ್ದಕ್ಕೂ ಪಟ್ಟಿ, ಕನ್ನಡಿಯ ಬೆನ್ನು, ಎಲ್ಲ ಕಪ್ಪು ಪ್ಲಾಸ್ಟಿಕ್ಕು. ಹುಡುಗಿಯಾಗಿದ್ದಾಗ ಕಾಡಿಗೆ ಹಚ್ಚಿಕೊಂಡ ಕಾರು ಎನ್ನುತ್ತಿದ್ದರಂತೆ. "ಬಂಪರ್ ಇನ್ನೂ ಹಾಗೇ ಕಪ್ಪಗಿದೆಯಾ ಪುಟ್ಟಾ?" ಎಂದು ಅವರು ಕೇಳಿದ್ದೇ ತಡ, ನಮ್ಮವರು ಎದೆಯುಬ್ಬಿಸಿ, ಹೊಸದರ ಹಾಗಿದೆ, ಮುಖ ನೋಡಿಕೊಳ್ಳಬಹುದು ಎಂದುಬಿಟ್ಟರು. ಹಾಗಾದರೆ ಮುಂದಿನ ತಿಂಗಳು ಬಂದೇ ಬರುತ್ತೇನೆ, ಅದರಲ್ಲೇ ಬಸ್ ನಿಲ್ದಾಣಕ್ಕೆ ಬಾ ಎಂದರು ಅತ್ತಿಗೆ.

ಫೋನಿಟ್ಟು ಇವರು ಕುಣಿಯುವುದೊಂದು ಬಾಕಿ. ಆಮೇಲೆ ಕೆಳಗಿಳಿದು ಹೋಗಿ ಕಾರನ್ನು ನೋಡಿದರು. ಬಂಪರು ಪಾತ್ರೆ ತಿಕ್ಕುವ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮುಖ ನೋಡಿಕೊಳ್ಳುವುದಿರಲಿ, ಬೆರಳು ಎಳೆದರೆ ಸೀಮೆಸುಣ್ಣದ ಹಾಗೆ ಪುಡಿ ಬರುತ್ತಿತ್ತು. ಮೇಲೆ ಬಂದವರು ನೇರ ಅಡುಗೆಮನೆಗೆ ನುಗ್ಗಿ ಎಣ್ಣೆಯ ಡಬ್ಬಿ ಎತ್ತಿಕೊಂಡು ಹೋದರು.

ಅಡುಗೆ ಎಣ್ಣೆ ಬಳಿದ ಬಂಪರು ಸಂಜೆಯ ಹೊತ್ತಿಗೆ ನಿಜಕ್ಕೂ ಫಳಫಳ ಎನ್ನುತ್ತಿತ್ತು. ಮರುದಿನ ಬೀದಿಯ ಧೂಳೆಲ್ಲ ಅದರ ಮೇಲೆ ಬಂದು ಕೂತು, ಬಂಪರಿಗೆ ಗಡ್ಡ ಬಂದ ಹಾಗಾಯಿತು. ನಮ್ಮ ಗೇಟಿನಲ್ಲಿ ಮಲಗುವ ನಾಯಿ ಎಡಗಡೆಯಿಂದ ಶುರುಮಾಡಿ ಬಲಗಡೆಯವರೆಗೆ ನೆಕ್ಕಿ, ಬಾಗಿಲ ಪಟ್ಟಿಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಂಡಿತು. ಇವರು ಅದನ್ನು ಅಟ್ಟಲೂ ಇಲ್ಲ. ಪಾಪ, ಅದಾದರೂ ತಿನ್ನಲಿ ಎಂದು ನಿಂತು ನೋಡಿದರು.

ಎಣ್ಣೆ ತೆಗೆಯಲು ಸೋಪಿನ ನೀರು, ಬ್ರಷ್ಷು, ಹಳೇ ಬನಿಯನ್ನು ಹಿಡಿದು ಕಾರಿನ ಮೈಯುಜ್ಜಲು ಕೂತರು. ಅನರ್ಥ ಶುರುವಾಗಿದ್ದು ಅಲ್ಲಿಂದ. ನಮ್ಮ ಕಟ್ಟಡದಲ್ಲಿ ಒಂದು ರೂಢಿಯಿದೆ. ಕಾರು ಇಟ್ಟುಕೊಂಡವರು ಅದನ್ನು ತೊಳೆಯುವುದಿಲ್ಲ, ತೊಳೆಯುವವರು ಇಟ್ಟುಕೊಳ್ಳುವುದಿಲ್ಲ. ವರ್ಷವಿಡೀ ಧೂಳು ತಿಂದ ಗಾಡಿಯನ್ನು ಯಾರಾದರೂ ಕೂತು ತಿಕ್ಕಿದರೆಂದರೆ ಅದು ಮಾರಾಟಕ್ಕೇ ಸರಿ, ಈವರೆಗೆ ಈ ಲೆಕ್ಕ ಒಮ್ಮೆಯೂ ತಪ್ಪಿಲ್ಲ. ಮೊದಲು ನೋಡಿದವರು ಮಹಡಿ ಮನೆಯ ಟೀಚರು. ಅವರು ಅತ್ತಿಗೆಯ ಜೊತೆ ಓದಿದವರು. ಏನು ವಿಶೇಷ ಎಂದು ಬಾಲ್ಕನಿಯಿಂದಲೇ ಕೇಳಿದರು. ಬಂಪರು ಬೆಳ್ಳಗಾಗಿದೆ ಎಂದು ಇವರ ಬಾಯಿಂದ ಬಂದರೆ ಅದು ಅದೇ ಗಳಿಗೆ ಅತ್ತಿಗೆಯ ಕಿವಿ ಮುಟ್ಟುತ್ತದೆ. ಹಾಗಾಗಿ ಇವರು ತಲೆಯೆತ್ತದೆ "ಸುಮ್ನೆ" ಎಂದರು. ಸುಮ್ಮನೆ ಎಂದವನು ರೇಟು ಮುಚ್ಚಿಡುತ್ತಿದ್ದಾನೆ ಎಂದು ಇಡೀ ಕಟ್ಟಡ ಅರ್ಥ ಮಾಡಿಕೊಂಡಿತು.

ಎರಡನೆಯ ಪ್ರಯೋಗ ಬೂಟ್ ಪಾಲಿಶ್. ಗ್ರಂಥಾಲಯದಿಂದ ಅಂಟುಪಟ್ಟಿಯ ಸುರುಳಿ ತಂದು, ಕೆಂಪು ಬಣ್ಣಕ್ಕೆ ಕಪ್ಪು ತಾಗದ ಹಾಗೆ ಅಂಚಿನುದ್ದಕ್ಕೂ ಅಂಟಿಸಿದರು. ಅಂಟಿಸುವುದರಲ್ಲಿ ಅವರನ್ನು ಮೀರಿಸುವವರಿಲ್ಲ, ಅದು ಹೊಟ್ಟೆಪಾಡು. ಪಾಲಿಶ್ ಹಚ್ಚಿ ಉಜ್ಜಿದಾಗ ಬಂಪರು ಇನ್‌ಸ್ಪೆಕ್ಟರ ಬೂಟಿನ ಹಾಗೆ ಹೊಳೆಯಿತು. ಇವರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಅಕ್ಕ ಈಗ ಬಂದರೂ ಪರವಾಗಿಲ್ಲ ಎಂದರು. ಅವರ ಮುಖ ನೋಡಿ ನನಗೂ ಬೈಯುವ ಮನಸ್ಸಾಗಲಿಲ್ಲ.

ಬಂದದ್ದು ಅಕ್ಕನಲ್ಲ, ಕಟ್ಟಡದ ಸಂಘದ ಕಾರ್ಯದರ್ಶಿಗಳು. ಅವರ ಕಾರು ಹಿಂದಿನ ಗೋಡೆಯ ಸಂದಿಯಲ್ಲಿದೆ. ಅದನ್ನು ಹೊರತೆಗೆಯಬೇಕಾದರೆ ಮೂರು ಮನೆಯವರನ್ನು ಎಬ್ಬಿಸಬೇಕು. ಕಾರು ಮಾರಿದವರ ಜಾಗ ಸಂಘಕ್ಕೆ ಸೇರತಕ್ಕದ್ದು ಎಂಬ ನಿಯಮವನ್ನು ಅವರು ಬಾಯಿಪಾಠ ಹೇಳಿದರು. ನೀವು ಮಾರುವುದು ನಿಮ್ಮ ಸ್ವಂತ ವಿಚಾರ, ನಾನು ತಲೆಹಾಕುವವನಲ್ಲ ಎನ್ನುತ್ತಲೇ ಜೇಬಿನಿಂದ ಅಳತೆಯ ಟೇಪು ತೆಗೆದು ಜಾಗದ ಉದ್ದಗಲ ಅಳೆದರು. ನಾವು ಮಾರುತ್ತಿಲ್ಲ ಎಂದು ಇವರು ಹೇಳಿದ್ದಕ್ಕೆ ಮುಗುಳ್ನಕ್ಕು, ಎಲ್ಲರೂ ಹಾಗೇ ಹೇಳುವುದು ಎಂದು ಬಂಪರಿನ ಮೇಲೆ ಆರಾಮಾಗಿ ಒರಗಿಕೊಂಡರು. ಅವರ ಬಿಳೀ ಪ್ಯಾಂಟು ನಮ್ಮ ಕಟ್ಟಡದಲ್ಲೇ ಹೆಸರುವಾಸಿ.

ಅಂದು ಸಂಜೆ ಸಂಘದ ಸಭೆ. ಕಾರ್ಯದರ್ಶಿಗಳು ಹಿಂಭಾಗದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಹೊತ್ತು, ಬೋರ್ಡಿನ ಕಡೆ ತಿರುಗಿ ನೀರಿನ ಹಂಚಿಕೆ ವಿವರಿಸಿದರು. ಯಾರೂ ಉಸಿರೆತ್ತಲಿಲ್ಲ. ಅಷ್ಟು ಶಾಂತವಾಗಿ ನಮ್ಮ ಸಂಘದ ಸಭೆ ಎಂದೂ ನಡೆದಿರಲಿಲ್ಲ. ನೀರಿನ ದರ ಏರಿಸುವ ನಿರ್ಣಯ ಒಂದೇ ಒಂದು ವಿರೋಧವಿಲ್ಲದೆ ಪಾಸಾಯಿತು, ಬಾಯಿ ಬಿಟ್ಟರೆ ನಗು ಬರುವುದೆಂದು ಎಲ್ಲರೂ ಕೈಯನ್ನಷ್ಟೇ ಎತ್ತಿದರು.

ಮರುದಿನದಿಂದ ದಲ್ಲಾಳಿಯ ಕಾಟ. ಯಾರು ಹೇಳಿ ಕಳಿಸಿದರೋ, ಹಳೇ ಗಾಡಿಗಳ ದಲ್ಲಾಳಿಯೊಬ್ಬ ಬೆಳಿಗ್ಗೆಯೇ ಬಂದು ಟೈರಿಗೆ ಒದ್ದು, ಬಾನೆಟ್ಟಿಗೆ ಕಿವಿಗೊಟ್ಟು, ಬಂಪರು ಸವರಿ, ಕೈ ಕಪ್ಪು ಮಾಡಿಕೊಂಡು, ಆ ಕೈಯಲ್ಲೇ ಗಲ್ಲ ಒತ್ತಿ ಯೋಚಿಸಿದ. ಇವರು ಮಾರಾಟಕ್ಕಿಲ್ಲ ಎಂದಷ್ಟೂ ಅವನು ರೇಟು ಏರಿಸಿದ. ಇಷ್ಟು ಗಟ್ಟಿ ವ್ಯಾಪಾರಸ್ಥರನ್ನು ನಾನು ನೋಡೇ ಇಲ್ಲಮ್ಮಾ ಎಂದು ನನ್ನ ಹತ್ತಿರ ಹೊಗಳಿ ಹೋದ.

ಪಾಲಿಶ್ ಕೈಗೆ, ಪ್ಯಾಂಟಿಗೆ, ಗಲ್ಲಕ್ಕೆ ಹತ್ತುತ್ತದೆಂದು ಗೊತ್ತಾದ ಮೇಲೆ ಅದನ್ನೂ ತೊಳೆದರು. ಬಿಡಿಭಾಗದ ಅಂಗಡಿಯವನು ಆಗ ಬಿಸಿಗಾಳಿ ಊದುವ ಯಂತ್ರವೊಂದನ್ನು ಬಾಡಿಗೆಗೆ ಕೊಟ್ಟ. ಪ್ಲಾಸ್ಟಿಕ್ಕಿನ ಒಳಗಿನ ಎಣ್ಣೆ ಬಿಸಿ ತಾಗಿದರೆ ಮೇಲೆ ಬಂದು ತಾನೇ ಕಪ್ಪಾಗುತ್ತದೆ, ಕೈ ಮಾತ್ರ ಒಂದೇ ಕಡೆ ನಿಲ್ಲಿಸಬೇಡಿ ಎಂದು ಹೇಳಿಕೊಟ್ಟ. ನಮ್ಮ ಅಡುಗೆಮನೆಯ ಕಿಟಕಿಯಿಂದ ವೈರು ಇಳಿಬಿಟ್ಟು ಇವರು ಶುರುಮಾಡಿದರು. ಸುಳ್ಳಲ್ಲ, ಬೂದಿಯ ಬಣ್ಣ ಕಣ್ಣೆದುರೇ ಕರಗಿ ಕಾಡಿಗೆಯ ಕಪ್ಪು ಎದ್ದು ಬಂತು. ಬಾಲ್ಕನಿಗಳಲ್ಲಿ ಜನ ಸೇರಿದರು. ಇವರು ಯಾರ ಕಡೆಗೂ ನೋಡದೆ ಬಂಪರಿನ ಉದ್ದಕ್ಕೂ ಕೈಯಾಡಿಸುತ್ತ ಮೂಲೆಗೆ ಬಂದರು. ಆಗ ಫೋನು ಹೊಡೆಯಿತು. ನಾನೇ ತಂದು ಇವರ ಕಿವಿಗೆ ಹಿಡಿದೆ, ಅತ್ತಿಗೆಯದು ಎಂದು.

ಈ ಸಲ ಆಗುವುದಿಲ್ಲವಂತೆ. ಹಾಸ್ಟೆಲ್ಲಿಗೆ ತಪಾಸಣೆಯವರು ಬರುತ್ತಿದ್ದಾರಂತೆ, ಆಡಳಿತ ಮಂಡಳಿ ರಜೆ ಕೊಡುವುದಿಲ್ಲವಂತೆ. ಇವರು ಹೂಂ ಅಕ್ಕಾ, ಹೂಂ ಅಕ್ಕಾ, ಪರವಾಗಿಲ್ಲ ಅಕ್ಕಾ ಎನ್ನುತ್ತ ನಿಂತರು. ಕೈಯೂ ನಿಂತಿತ್ತು. ಫೋನು ಮುಗಿಯುವಷ್ಟರಲ್ಲಿ ಬಂಪರಿನ ಆ ಮೂಲೆ ಮೆತ್ತಗಾಗಿ, ಅಳುವ ಮಗುವಿನ ತುಟಿಯ ಹಾಗೆ ಕೆಳಕ್ಕೆ ಇಳಿದುಬಿಟ್ಟಿತ್ತು. ಇವರ ತುಟಿಯೂ ಹೆಚ್ಚುಕಮ್ಮಿ ಹಾಗೇ ಇತ್ತು. ಬಾಲ್ಕನಿಯ ಜನಕ್ಕೆ ಬಂಪರು ಮಾತ್ರ ಕಂಡಿತು.

ಇನ್ನು ಬಿಟ್ಟುಬಿಡುತ್ತಾರೆ ಎಂದುಕೊಂಡೆ. ಬರುವವರೇ ಇಲ್ಲದ ಮೇಲೆ ಯಾರಿಗೆ ತೋರಿಸಲು? ಆದರೆ ಮರುದಿನವೇ ಪ್ಲಾಸ್ಟಿಕ್ಕಿಗೆ ಹಚ್ಚುವ ಕಪ್ಪು ದ್ರವದ ಬಾಟಲಿ ತಂದು, ಸ್ಪಂಜಿನಿಂದ ಬಾಗಿಲ ಪಟ್ಟಿಗೆ ಹಚ್ಚುತ್ತ ಕೂತರು. ಯಾಕ್ರೀ ಎಂದೆ. "ಹೇಳಿಬಿಟ್ಟಿದ್ದೀನಲ್ಲ ಕಣೇ, ಹೊಸದರ ಹಾಗಿದೆ ಅಂತ" ಎಂದರು. ಕಾಫಿ ತಣ್ಣಗಾಗುತ್ತೆ, ಬೇಗ ಬನ್ನಿ ಎಂದು ರೇಗಿ ಒಳಗೆ ಹೋದೆ.

ಅದಾಗಿ ಎರಡೋ ಮೂರೋ ದಿನ ಕಳೆದಿರಬೇಕು. ಬೆಳಿಗ್ಗೆ ಅಂಗಳದಲ್ಲಿ ದಲ್ಲಾಳಿ ಮತ್ತೆ ಹಾಜರು, ಕಾರ್ಯದರ್ಶಿಗಳು ಹೊಸ ಪ್ಯಾಂಟಿನಲ್ಲಿ ಕಾರಿನಿಂದ ದೂರ ನಿಂತು ಟೇಪು ಹಿಡಿದಿದ್ದಾರೆ. ಗೇಟಿನಲ್ಲಿ ಟ್ಯಾಕ್ಸಿಯೊಂದು ನಿಂತು, ಅತ್ತಿಗೆ ಇಳಿದರು. ಕೈಯಲ್ಲಿ ಒಂದು ದಿನದ ಬಟ್ಟೆಗಾಗುವಷ್ಟು ಪುಟ್ಟ ಚೀಲ. ನಮ್ಮ ಮನೆಯ ಕಡೆ ನೋಡಲೂ ಇಲ್ಲ, ನೇರ ಕಾರಿನ ಹತ್ತಿರ ಹೋದರು. ಮಹಡಿ ಮನೆಯ ಟೀಚರು ಬಾಲ್ಕನಿಯಿಂದ ಸದ್ದಿಲ್ಲದೆ ಒಳಗೆ ಸರಿದದ್ದು ನೋಡಿ, ಸುದ್ದಿ ಯಾವ ದಾರಿಯಲ್ಲಿ ಹೋಗಿದೆ ಎಂದು ನನಗೆ ಗೊತ್ತಾಯಿತು.

ಅಷ್ಟು ಹುಡುಗಿಯರನ್ನು ದಿನಾ ಒಂದೇ ದನಿಯಲ್ಲಿ ಮಲಗಿಸುವವರು ಅವರು. ಇದನ್ನು ಮುಟ್ಟಿದವರು ಯಾರು ಎಂದು ಕೇಳಿದ್ದಷ್ಟೇ, ದಲ್ಲಾಳಿ ಕೈ ಹಿಂದೆ ಕಟ್ಟಿಕೊಂಡ. ಯಜಮಾನರು ಮಾರುತ್ತಾರೆಂದು ಕೇಳಿ ಬಂದೆ ಎಂದು ಗೊಣಗಿದ. ಅವನಿಗೆ ಕ್ಲಚ್ ಯಾವುದು ಬ್ರೇಕ್ ಯಾವುದು ಎಂದು ತೋರಿಸಿದವಳು ನಾನು, ಅವನು ಯಾವ ಸೀಮೆ ಯಜಮಾನ ಎಂದರು ಅತ್ತಿಗೆ. ಕಾರ್ಯದರ್ಶಿಗಳು ಟೇಪನ್ನು ಮೆಲ್ಲಗೆ ಜೇಬಿಗೆ ಇಳಿಸಿ, ಯಾರೋ ಕರೆದ ಹಾಗೆ ನಟಿಸಿ ಹೋದರು.

ಅಷ್ಟರಲ್ಲಿ ಇವರು ಹಲ್ಲುಜ್ಜುವ ಬ್ರಷ್ಷು ಬಾಯಲ್ಲಿಟ್ಟುಕೊಂಡೇ ಓಡಿ ಬಂದು ನಿಂತರು. ಅತ್ತಿಗೆ ತಮ್ಮನನ್ನು ಮೇಲಿಂದ ಕೆಳಗೆ ನೋಡಿದರು. ಬೋಳು ತಲೆಯನ್ನೂ ನೋಡಿದರು.

"ಮಾರ್ತೀಯಂತೆ?"

ಇಲ್ಲ ಎನ್ನಬೇಕಿತ್ತು, ಅಷ್ಟೇ. ನಿಜವೂ ಅದೇ. ಇವರು ಬ್ರಷ್ಷು ಕೈಗೆ ತೆಗೆದುಕೊಂಡು ಅಕ್ಕನ ಚೀಲದ ಕಡೆ ನೋಡಿದರು. ಇಲ್ಲ ಎಂದರೆ ಆ ಚೀಲ ಸಂಜೆಯ ಬಸ್ಸಿಗೆ ಹೋಗುತ್ತದೆ, ಅದು ನನಗೂ ಕಾಣುತ್ತಿತ್ತು.

"ಇನ್ನೂ ತೀರ್ಮಾನ ಆಗಿಲ್ಲ ಅಕ್ಕಾ. ಮಾತುಕತೆ ನಡೀತಿದೆ" ಎಂದರು ನಮ್ಮವರು.

ಹಾಗಾದರೆ ತೀರ್ಮಾನ ಆಗುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ ಎಂದು ಅತ್ತಿಗೆ ಚೀಲ ನನ್ನ ಕೈಗೆ ಕೊಟ್ಟರು. ಆಡಳಿತ ಮಂಡಳಿಗೆ ಫೋನು ಮಾಡಿ, ಮನೆಯ ಆಸ್ತಿಯ ತಕರಾರು, ಬರಲಾಗುವುದಿಲ್ಲ ಎಂದರು. ತಪಾಸಣೆಯಿದೆ ಎಂದು ರಜೆ ಕೊಡದಿದ್ದ ಮಂಡಳಿ, ಆಸ್ತಿ ಎಂದ ಕೂಡಲೇ ಕೊಟ್ಟುಬಿಟ್ಟಿತು.

ಈಗ ದೊಡ್ಡ ಪೇಚಾಟ ನಮ್ಮದು. ಮಾತುಕತೆ ನಡೆಯುತ್ತಿದೆ ಎಂದ ಮೇಲೆ ನಡೆಯಬೇಕಲ್ಲ. ಇವರೇ ದಲ್ಲಾಳಿಯ ಅಂಗಡಿ ಹುಡುಕಿಕೊಂಡು ಹೋಗಿ, ದಿನಾ ಬಂದು ರೇಟು ಕೇಳಪ್ಪಾ ಎಂದು ಬೇಡಿಕೊಂಡರು. ಆ ಅಮ್ಮ ಇರುವಾಗ ನಾನು ಬರುವುದಿಲ್ಲ ಎಂದು ಅವನು ಹಟ ಹಿಡಿದ. ಕೊನೆಗೆ ಸಂಜೆಯ ಕಾಫಿ ತಿಂಡಿಯ ಮೇಲೆ ಒಪ್ಪಂದವಾಯಿತು. ಅಂದಿನಿಂದ ಅವನು ತಪ್ಪದೆ ಬಂದು, ಎರಡು ಲೋಟ ಕಾಫಿ ಕುಡಿದು, ರೇಟು ಹೇಳಿ, ಅತ್ತಿಗೆಯ ಹತ್ತಿರ ಬೈಸಿಕೊಂಡು ಹೋಗುತ್ತಿದ್ದ. ಕೊನೆಕೊನೆಗೆ ಕಾಫಿಗೆ ಸಕ್ಕರೆ ಕಮ್ಮಿಯಾಯಿತು ಎನ್ನುವಷ್ಟು ಮನೆಯವನಾದ. ಒಂದು ಸಂಜೆ ಬರಲು ತಡವಾದಾಗ, ನಿಮ್ಮ ಗಿರಾಕಿ ಯಾಕೆ ಬಂದಿಲ್ಲ ಎಂದು ಅತ್ತಿಗೆಯೇ ಗೇಟಿನ ಕಡೆ ನೋಡಿದರು.

ಇನ್ನೊಂದು ವಿಚಿತ್ರ. ಇವರು ಸಂಜೆ ಹಚ್ಚಿದ ಕಪ್ಪು ಬೆಳಿಗ್ಗೆ ಇರುತ್ತಿರಲಿಲ್ಲ. ದ್ರವ ಕಲಬೆರಕೆ ಎಂದು ಅಂಗಡಿಯವನನ್ನು ಬೈದರು, ಮಂಜನ್ನು ಬೈದರು, ನಾಯಿಯನ್ನೂ ಅನುಮಾನಿಸಿದರು. ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಕಸ ಹಾಕಲು ಇಳಿದರೆ, ಅತ್ತಿಗೆ ಸೆರಗು ಬಿಗಿದು ಬಂಪರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಸೋಡ ಹಾಕಿ ಗಸಗಸ ತಿಕ್ಕುತ್ತಿದ್ದಾರೆ. ಕಪ್ಪಗಿದ್ದರೆ ಗಿರಾಕಿಗೆ ಆಸೆ ಹುಟ್ಟುತ್ತದೆ, ಬಣ್ಣಗೆಟ್ಟರೆ ಯಾರೂ ಮೂಸಿಯೂ ನೋಡುವುದಿಲ್ಲ, ನಿನ್ನ ಗಂಡನಿಗೆ ಬಾಯಿಬಿಟ್ಟೀಯ ಜೋಕೆ ಎಂದರು. ಆಯಿತು ಎಂದೆ. ತಮ್ಮ ಸಂಜೆ ಹಚ್ಚುವುದು, ಅಕ್ಕ ಬೆಳಿಗ್ಗೆ ತಿಕ್ಕುವುದು, ನಡುವೆ ನಾನು ಇಬ್ಬರ ಗುಟ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಮೂರು ಜನಕ್ಕೆ ಅಡುಗೆ ಮಾಡುವುದು. ನಿಜ ಹೇಳುತ್ತೇನೆ, ನಮ್ಮ ಮನೆಯಲ್ಲಿ ಅಷ್ಟು ನಗು ನಾನು ಕೇಳಿರಲಿಲ್ಲ. ಊಟಕ್ಕೆ ಕೂತಾಗ ಅತ್ತಿಗೆ ಇವರ ತಟ್ಟೆಗೆ ಕೇಳದೆ ಬಡಿಸುತ್ತಿದ್ದರು, ಇವರು ಸಾಕು ಎನ್ನದೆ ತಿನ್ನುತ್ತಿದ್ದರು.

ಒಂದು ಮಧ್ಯಾಹ್ನ ಹಾಸ್ಟೆಲ್ಲಿನಿಂದ ಫೋನು ಬಂತು. ಮಂಡಳಿಯವರು ಇನ್ನು ಕಾಯುವುದಿಲ್ಲವಂತೆ, ಬಂದರೆ ಬನ್ನಿ, ಇಲ್ಲದಿದ್ದರೆ ಬೇರೆಯವರನ್ನು ನೋಡುತ್ತೇವೆ ಎಂದರಂತೆ. ಅತ್ತಿಗೆ ಬಟ್ಟೆ ಮಡಚಿದರು. ಇವರು ಬಾಗಿಲಲ್ಲಿ ನಿಂತು, ನಾಳೆ ಬಹಳ ದೊಡ್ಡ ಗಿರಾಕಿ ಬರುತ್ತಿದ್ದಾನೆ, ಕೂಡಲೇ ದುಡ್ಡು ಎಣಿಸುವವನು, ನೀನು ಹೋದರೆ ಕಾರು ಹೋದ ಹಾಗೇ ಎಂದು ತಡವರಿಸಿದರು. ನಿನ್ನಿಷ್ಟ ಪುಟ್ಟಾ ಎಂದರು ಅತ್ತಿಗೆ. ಇವರು ಗೋಡೆಯ ಕಡೆ ತಿರುಗಿಕೊಂಡರು. ಇದ್ದ ಒಂದೇ ಒಂದು ನೆಪ, ಅದೂ ಕೈಕೊಟ್ಟಿತ್ತು.

ನಿಲ್ದಾಣಕ್ಕೆ ಹೊರಟಾಗ ಅತ್ತಿಗೆ ಕೀಲಿ ಕಸಿದುಕೊಂಡು ತಾವೇ ಕಾರು ನಡೆಸಿದರು. ಇವರು ಪಕ್ಕದಲ್ಲಿ, ನಾನು ಹಿಂದೆ. ದಾರಿಯುದ್ದಕ್ಕೂ ಇವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಬಸ್ಸು ಆಗಲೇ ಬಂದು ನಿಂತಿತ್ತು. ಕಂಡಕ್ಟರು ಕೂಗುತ್ತಿದ್ದ. ಅತ್ತಿಗೆ ಎಂಜಿನ್ ಆರಿಸಿದರು, ಇಳಿಯಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು ಎದುರಿನ ಗಾಜನ್ನೇ ನೋಡುತ್ತ ಕೇಳಿದರು:

"ಪುಟ್ಟಾ, ಇನ್ನೊಂದು ಸಲ ಯಾವಾಗ ಮಾರ್ತೀಯ?"

ಇವರು ಚೀಲವನ್ನು ತೊಡೆಗೆ ಒತ್ತಿಕೊಂಡು ಅಕ್ಕನ ಕಡೆ ತಿರುಗಿದರು.

"ನೀನು ಇದನ್ನ ಮಾರೋವನಲ್ಲ ಅಂತ ನನಗೆ ಬಂದ ದಿನವೇ ಗೊತ್ತು ಕಣೋ. ನಿನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ ನಂಗೆ? ಬೆಳಿಗ್ಗೆ ಎದ್ದು ಕಪ್ಪು ತಿಕ್ಕಿ ತೆಗೀತಿದ್ದಿದ್ದೂ ನಾನೇ, ಮಾತುಕತೆ ಮುಗೀದೆ ಇರ್ಲಿ ಅಂತ. ಆದ್ರೆ ತಮ್ಮನನ್ನ ನೋಡ್ಬೇಕು ಅಂತ ಕೇಳಿದ್ರೆ ಅವರು ರಜೆ ಕೊಡಲ್ಲ. ಆಸ್ತಿ ತಕರಾರು ಅಂದ್ರೆ ಕೊಡ್ತಾರೆ." ಅಷ್ಟು ಹೇಳಿ ಅತ್ತಿಗೆ ಸೆರಗಿನಿಂದ ಮೂಗು ಒರೆಸಿಕೊಂಡರು.

ಕಂಡಕ್ಟರು ಮತ್ತೆ ಕೂಗಿದ. ನಮ್ಮವರು ಅಕ್ಕನ ಚೀಲವನ್ನು ತೊಡೆಯ ಮೇಲಿಂದ ಕೆಳಗಿಡದೆ, ಬಹಳ ಗಂಭೀರವಾಗಿ ಯೋಚಿಸಿದರು.

"ನಿನಗೆ ಯಾವಾಗ ಅನುಕೂಲ ಅಕ್ಕಾ?" ಎಂದರು.